ಹೊಂಗೆ ಎಣ್ಣೆಯ ಮೇಲೊಂದು ನಡುಕದ ಆರೋಪ

ಈ ಲೋಕದಲ್ಲಿ ನಡುಗದ ವಸ್ತು ಒಂದೂ ಇಲ್ಲ. ಬಂಡೆ ನಡುಗುತ್ತದೆ, ಸೇತುವೆ ನಡುಗುತ್ತದೆ, ನೋಡುವ ಕಣ್ಣಿಗೆ ನಿಶ್ಚಲವಾಗಿ ಕಾಣುವ ಕಬ್ಬಿಣದ ತೊಲೆಯೂ ತನ್ನ ಪಾಡಿಗೆ ನಡುಗುತ್ತಲೇ ಇರುತ್ತದೆ. ವರ್ಷದ ಮೊದಲ ತರಗತಿಯಲ್ಲಿ ನಾನು ಕನ್ನಡಕ ತೆಗೆದು, ಧ್ವನಿ ತಗ್ಗಿಸಿ ಈ ಮಾತು ಹೇಳುತ್ತೇನೆ. ಹಿಂದಿನ ಮೂರು ಬೆಂಚುಗಳಿಗೆ ಅದು ಇವತ್ತಿನವರೆಗೂ ಕೇಳಿಸಿಲ್ಲ. ತಲೆಯ ಮೇಲಿನ ಫ್ಯಾನು ಅಷ್ಟು ಗಡಗಡ ಅನ್ನುತ್ತದೆ.

ಕ್ಯಾತ್ಸಂದ್ರದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂಜಿನ್ ಲ್ಯಾಬು ನನ್ನ ಸುಪರ್ದಿಯಲ್ಲಿದೆ. ಹೊರಗಿನವರು ಎಂಜಿನ್ನಿನ ತೊಂದರೆ ಹೇಳಿಕೊಂಡು ಬಂದರೆ ಅಳತೆ ಮಾಡಿ ವರದಿ ಕೊಡುವುದೂ ಆ ಲ್ಯಾಬಿನ ಕೆಲಸ. ಹೋದ ವರ್ಷ ಒಂದು ಬೆಳಗ್ಗೆ ಹಾಗೆ ಬಂದವರು ಕುಣಿಗಲ್ ಕಡೆಯ ಒಂದು ಮಹಿಳಾ ಸಂಘದ ಅಧ್ಯಕ್ಷೆ. ಕೈಯಲ್ಲಿ ಐದು ಲೀಟರಿನ ಕ್ಯಾನು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾರ್, ನಮ್ಮೆಣ್ಣೆ ಮೇಲೆ ದೂರು ಬಂದೈತೆ."

ಸಂಘದ ಹನ್ನೊಂದು ಹೆಂಗಸರು ಹೊಂಗೆ ಬೀಜ ಆರಿಸಿ ತಂದು, ಎಣ್ಣೆ ತೆಗೆಸಿ, ಅದನ್ನು ದೊಡ್ಡ ಹಂಡೆಯಲ್ಲಿ ಕಾಯಿಸಿ, ಬೆರೆಸುವುದನ್ನೆಲ್ಲ ಬೆರೆಸಿ ಬಯೋಡೀಸೆಲ್ ಮಾಡುತ್ತಾರೆ. ಐದು ಪಾಲಿನಲ್ಲಿ ಒಂದು ಪಾಲು ಇದು, ನಾಲ್ಕು ಪಾಲು ಮಾಮೂಲಿ ಡೀಸೆಲ್. ಹಾಗೆ ಬೆರೆಸಿದರೆ ಯಾವ ಎಂಜಿನ್ನೂ ಮುಖ ಸಿಂಡರಿಸದೆ ಕುಡಿಯುತ್ತದೆ. ಅವರ ಮೊದಲ ಕಾಯಂ ಗಿರಾಕಿ ಗುಬ್ಬಿಯಲ್ಲಿ ತೆಂಗಿನ ನಾರು ತೆಗೆಯುವ ಒಂದು ಮಿಲ್ಲು. ಕರೆಂಟು ಹೋದಾಗ ಅಲ್ಲಿ ಮೂರು ಸಿಲಿಂಡರಿನ ಒಂದು ಜನರೇಟರ್ ಓಡುತ್ತದೆ. ಕರೆಂಟು ಹೋಗುವುದರಲ್ಲಿ ಗುಬ್ಬಿ ಯಾರಿಗೂ ಕಡಿಮೆಯಿಲ್ಲ.

ಮೊದಲ ಬ್ಯಾರೆಲ್ ಇಳಿಯುವ ಮೊದಲು, ಅಂದರೆ ಅಧ್ಯಕ್ಷೆ ಬಂದ ಆ ಬೆಳಗ್ಗೆಗೆ ನಾಲ್ಕು ತಿಂಗಳ ಹಿಂದೆ, ನಾನೇ ಹೋಗಿ ಆ ಎಂಜಿನ್ನನ್ನು ಬರಿಯ ಡೀಸೆಲ್‌ನಲ್ಲಿ ಓಡಿಸಿ ಸದ್ದನ್ನೂ ನಡುಕವನ್ನೂ ಅಳೆದು ಬಂದಿದ್ದೆ. ಮುಂದೆ ತಕರಾರು ಬಂದರೆ ಹೋಲಿಸಲು ಒಂದು ಆಧಾರ ಇರಲಿ ಎಂಬ ದೂರದೃಷ್ಟಿ. ಆ ದೂರದೃಷ್ಟಿಯ ಬಗ್ಗೆ ನನಗೆ ಸಾಕಷ್ಟು ಹೆಮ್ಮೆಯೂ ಇತ್ತು.

ಈಗ ತಕರಾರು ಬಂದಿತ್ತು. ಎರಡನೆಯ ತಿಂಗಳಿಂದ ಎಂಜಿನ್ ನಡುಗುವುದು ಹೆಚ್ಚಾಗಿದೆ, ಹೋದ ವಾರ ಡೀಸೆಲ್ ವಾಪಸು ಹೋಗುವ ಸ್ಟೀಲ್ ಪೈಪು ನಡುಕಕ್ಕೆ ಸೀಳಿದೆ, ಇನ್ನು ಮೇಲೆ ನಿಮ್ಮ ಎಣ್ಣೆ ಬೇಡ ಎಂದು ಮಿಲ್ಲಿನ ಮಾಲೀಕರು ಹೇಳಿ ಕಳಿಸಿದ್ದರು. ಕೊನೆಗೆ ಮೇಷ್ಟ್ರು ಒಂದು ಸಲ ನೋಡಲಿ, ಹದಿನೈದು ದಿನದಲ್ಲಿ ವರದಿ ಕೊಡಲಿ ಎಂಬಷ್ಟಕ್ಕೆ ಒಪ್ಪಿದ್ದರು. ಇನ್ನೂ ಮೂರು ಮಿಲ್ಲಿನವರು ಗುಬ್ಬಿಯವರ ಮಾತು ಕೇಳಿಕೊಂಡು ತರಿಸೋಣವೆಂದು ಕಾಯುತ್ತಿದ್ದರು. ವರದಿ ವಿರುದ್ಧವಾಗಿ ಬಂದರೆ ಹಂಡೆಯನ್ನು ಗುಜರಿಗೆ ಹಾಕುವುದೆಂದು ಸಂಘದ ಸಭೆಯಲ್ಲಿ ತೀರ್ಮಾನವಾಗಿತ್ತು.

"ನಮ್ದು ತಪ್ಪಿದ್ರೆ ತಪ್ಪು ಅಂತ್ಲೇ ಬರೀರಿ ಸಾರ್. ಆದ್ರೆ ನೋಡಿ ಬರೀರಿ. ಅವ್ರಿವ್ರ ಮಾತ್ ಕೇಳಿ ಬರೀಬೇಡಿ."

ನಾನು ಕನ್ನಡಕ ತೆಗೆದು ವಿಜ್ಞಾನದ ನಿಷ್ಪಕ್ಷಪಾತದ ಬಗ್ಗೆ ನಾಲ್ಕು ಮಾತು ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಯಾವತ್ತು ಬರ್ತೀರ?" ಎಂದರು.

ಗುರುವಾರ ಹೋದೆ. ಕಾಲೇಜಿನ ವ್ಯಾನು ಯಾವುದೋ ಕ್ರೀಡಾಕೂಟಕ್ಕೆ ಹೋಗಿದ್ದರಿಂದ ಅಳತೆಯ ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಒಮ್ಮೆ ನನ್ನನ್ನೂ ಒಮ್ಮೆ ಪೆಟ್ಟಿಗೆಯನ್ನೂ ನೋಡಿ, "ಹಾರ್ಮೋನಿಯಮ್ಮಾ ಸಾರ್? ಇವತ್ತು ನಾಟ್ಕ ಎಲ್ಲಿ?" ಎಂದ. ನಾರು ಮಿಲ್ಲಿನಲ್ಲಿ ಎಂದೆ. ಮುಂದೆ ಏನೂ ಕೇಳಲಿಲ್ಲ.

ಮಿಲ್ಲಿನ ಮಾಲೀಕರು ನಲವತ್ತರ ಆಸುಪಾಸಿನವರು. ಮಾತು ಕಡಿಮೆ, ಅನುಮಾನ ಜಾಸ್ತಿ. ಎಂಜಿನ್ ನೋಡಿಕೊಳ್ಳುವ ಆಪರೇಟರ್ ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರು. ಮಾಲೀಕರೂ ಅವರನ್ನು ಅಣ್ಣಯ್ಯ ಎಂದೇ ಕರೆಯುತ್ತಾರೆ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕಿವಿಯ ಹಿಂದೆ ಪೆನ್ಸಿಲ್, ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಅವರು ಕೇಳುವ ರೀತಿ ನೋಡಿದರೆ, ಎಂಜಿನ್ ಅವರೊಬ್ಬರ ಹತ್ತಿರ ಮಾತ್ರ ಮನೆಯ ವಿಷಯ ಮಾತಾಡುತ್ತದೆ ಎನ್ನಿಸುತ್ತಿತ್ತು.

"ಏನಂತೈತೆ?" ಎಂದೆ.

"ಮೊದ್ಲು ಕಟಕಟ ಕಟಕಟ ಅಂತಿತ್ತು ಸಾರ್. ಈಗ ಬಾಯಿ ಮೆತ್ತಗಾಗೈತೆ. ಕಾಲು ಮಾತ್ರ ಒದೀತೈತೆ."

ನಾನು ನೋಟ್‌ಬುಕ್ಕಿನಲ್ಲಿ 'ಸದ್ದಿನಲ್ಲಿ ಬದಲಾವಣೆ ಇದೆ ಎಂದು ಆಪರೇಟರ್ ಹೇಳಿಕೆ' ಎಂದು ಬರೆದುಕೊಂಡೆ. ಇಪ್ಪತ್ತೆರಡು ವರ್ಷ ಅದೇ ಎಂಜಿನ್ನಿನ ಪಕ್ಕದಲ್ಲಿ ನಿಂತವರು ಹೇಳಿದ ಮಾತನ್ನು ವಿದ್ಯಾವಂತರು ಬರೆದುಕೊಳ್ಳುವುದು ಹೀಗೆ.

ಮೊದಲ ತೊಡಕು ಲೋಡಿನದು. ಮಿಲ್ಲಿಗೆ ಸಿಪ್ಪೆ ಹಾಕಿದಾಗ ಎಂಜಿನ್ ಮೇಲೆ ಭಾರ ಬೀಳುತ್ತದೆ, ಹಾಕದಿದ್ದಾಗ ಇಳಿಯುತ್ತದೆ. ನಿಮಿಷಕ್ಕೊಂದು ತರಹ ಇರುವ ಭಾರದಲ್ಲಿ ತೆಗೆದ ರೀಡಿಂಗು ಯಾವುದಕ್ಕೂ ಬಾರದು. ನಾಲ್ಕು ತಿಂಗಳ ಹಿಂದೆ ಭಾರ ಒಂದೇ ಸಮ ಇರಲೆಂದು ನಾನು ಲ್ಯಾಬಿನ ಹೀಟರುಗಳನ್ನು ತಂದಿದ್ದೆ. ಈಗ ಅವು ಕೆಟ್ಟು ಕೂತಿದ್ದವು. ಮಾಲೀಕರು ಶಾಮಿಯಾನದವರಿಗೆ ಫೋನ್ ಮಾಡಿದರು. ಎಲ್‌ಇಡಿ ಬಂದ ಮೇಲೆ ಯಾರೂ ಕೇಳದೆ ಗೋಡೌನಿನಲ್ಲಿ ಬಿದ್ದಿದ್ದ ಹಳೆಯ ಹ್ಯಾಲೊಜನ್ ದೀಪಗಳನ್ನೆಲ್ಲ ಅವರು ಟೆಂಪೊದಲ್ಲಿ ತುಂಬಿಕೊಂಡು ಬಂದರು. ಅಂಗಳದಲ್ಲಿ ಸಾಲಾಗಿ ಕಟ್ಟಿ, ಬೆಳಗ್ಗೆ ಹನ್ನೊಂದರ ಬಿಸಿಲಿನಲ್ಲಿ ಎಲ್ಲವನ್ನೂ ಹೊತ್ತಿಸಿದೆವು. ರಸ್ತೆಯಲ್ಲಿ ಸ್ಕೂಟರು ನಿಲ್ಲಿಸಿ ಒಬ್ಬರು, "ಯಾರ್ದ್ರೀ ಮದ್ವೆ?" ಎಂದರು. "ಎಂಜಿನ್ದು," ಎಂದರು ಆಪರೇಟರ್, ನಗದೆ.

ದೀಪಗಳು ಒಳ್ಳೆಯ ಲೋಡು. ಅವು ಸಿಪ್ಪೆಯಂತೆ ಚಂಚಲವಲ್ಲ. ಎಂಜಿನ್ನಿನ ಮೈಮೇಲೆ ಒಂದು, ಎಂಜಿನ್ ಕೂತಿರುವ ಕಬ್ಬಿಣದ ಫ್ರೇಮಿನ ಮೇಲೆ ಒಂದು, ಹೀಗೆ ಎರಡು ಸೆನ್ಸರ್‌ಗಳನ್ನು ಅಯಸ್ಕಾಂತದಿಂದ ಕೂರಿಸಿದೆ. ಒಂದು ಮೀಟರ್ ದೂರದಲ್ಲಿ ಮೈಕು. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಮಿಶ್ರಣದಲ್ಲಿ ಓಡುತ್ತಿದ್ದ ಎಂಜಿನ್ನಿನ ಮೂರು ರೀಡಿಂಗು ತೆಗೆದು, ನಾಲ್ಕು ತಿಂಗಳ ಹಿಂದಿನ ಡೀಸೆಲ್ ರೀಡಿಂಗಿನ ಪಕ್ಕದಲ್ಲಿಟ್ಟೆ. ಫ್ರೇಮಿನ ನಡುಕ ಎರಡು ಪಟ್ಟಿಗಿಂತ ಜಾಸ್ತಿ. ದೂರು ಸುಳ್ಳಲ್ಲ.

ಇದಕ್ಕೆ ಸಿದ್ಧಾಂತವೂ ನನ್ನ ಬಳಿ ಸಿದ್ಧವಾಗಿತ್ತು. ಹೊಂಗೆಯ ಇಂಧನ ಡೀಸೆಲ್ಲಿಗಿಂತ ತುಸು ಮಂದ. ಪಂಪಿನಲ್ಲಿ ಒತ್ತಿದರೆ ಅಷ್ಟಾಗಿ ಕುಗ್ಗುವುದಿಲ್ಲ. ಆದ್ದರಿಂದ ಸಿಲಿಂಡರಿನೊಳಕ್ಕೆ ಸ್ವಲ್ಪ ಮೊದಲೇ ಚಿಮ್ಮುತ್ತದೆ. ಬೆಂಕಿ ಮೊದಲೇ ಹತ್ತಿದರೆ ಒತ್ತಡ ಥಟ್ಟನೆ ಏರಿ ಎಂಜಿನ್ ಒದೆಯುತ್ತದೆ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬಾಯಿಪಾಠವಾದ ಉತ್ತರಕ್ಕೆ ಸರಿಹೊಂದುವ ಪ್ರಶ್ನೆ ಸಿಕ್ಕಾಗ ಮೇಷ್ಟ್ರುಗಳಿಗೆ ಆಗುವ ಸಂತೋಷ ಸಣ್ಣದಲ್ಲ. ಶನಿವಾರ ಅಧ್ಯಕ್ಷೆಗೆ ಫೋನ್ ಮಾಡಿ, ವರದಿ ನಿಮ್ಮ ಕಡೆ ಬರುವ ಹಾಗೆ ಕಾಣುವುದಿಲ್ಲ ಎಂದೆ. ಆಕೆ, "ಆಯ್ತು ಸಾರ್," ಎಂದರು.

ಭಾನುವಾರ ಮಧ್ಯಾಹ್ನ ಸದಾಶಿವನಗರದ ಮನೆಯಲ್ಲಿ ಕೂತು ವರದಿ ಮುಗಿಸಿದೆ. 'ಈ ಇಂಧನವು ಸದರಿ ಎಂಜಿನ್ನಿಗೆ ಸೂಕ್ತವಲ್ಲ' ಎಂಬ ವಾಕ್ಯ ಘನವಾಗಿ ಬಂದಿತ್ತು. ಉಳಿದದ್ದು ಸಹಿ ಮತ್ತು ಹಿಂದೆ ಲಗತ್ತಿಸಬೇಕಾದ ಗ್ರಾಫು. ಗ್ರಾಫನ್ನು ಯಾರೂ ನೋಡುವುದಿಲ್ಲ. ಆದರೂ ಹಾಕದಿದ್ದರೆ ವರದಿಗೆ ಬೆನ್ನೆಲುಬಿಲ್ಲವೆಂದು ನನಗೆ ಪಾಠ ಹೇಳಿದವರು ಕಲಿಸಿದ್ದರು. ಗ್ರಾಫ್ ಎಂದರೆ ಒಟ್ಟು ನಡುಕವನ್ನು ಬಿಡಿಸಿ, ಸೆಕೆಂಡಿಗೆ ಎಷ್ಟು ಸಲದ ನಡುಕ ಎಷ್ಟು ಜೋರಾಗಿದೆ ಎಂದು ತೋರಿಸುವ ಚಿತ್ರ.

ಚಿತ್ರ ನನ್ನ ಮಾತು ಕೇಳಲಿಲ್ಲ. ಆ ಎಂಜಿನ್ ನಿಮಿಷಕ್ಕೆ ಸಾವಿರದ ಐನೂರು ಸುತ್ತು, ಅಂದರೆ ಸೆಕೆಂಡಿಗೆ ಇಪ್ಪತ್ತೈದು. ಮೂರು ಸಿಲಿಂಡರುಗಳಲ್ಲಿ ಬೆಂಕಿ ಹತ್ತುವುದು ಎಲ್ಲ ಸೇರಿ ಸೆಕೆಂಡಿಗೆ ಮೂವತ್ತೇಳೂವರೆ ಸಲ. ಬೆಂಕಿ ಒದೆಯುತ್ತಿದ್ದರೆ ಗ್ರಾಫಿನ ಗೆರೆ ಮೂವತ್ತೇಳೂವರೆಯ ಹತ್ತಿರ ಏರಬೇಕು. ಕಟಕಟ ಎಂಬ ಸದ್ದು ಸಾವಿರದಿಂದ ಮೇಲಕ್ಕೆ ಹೆಚ್ಚಬೇಕು. ಎರಡೂ ಇರಲಿಲ್ಲ. ಸಾವಿರದ ಮೇಲಿನ ಸದ್ದು ನಾಲ್ಕು ತಿಂಗಳ ಹಿಂದಿಗಿಂತ ಕಡಿಮೆಯೇ ಆಗಿತ್ತು. ಎದ್ದು ನಿಂತಿದ್ದು ಇಪ್ಪತ್ತೈದರ ಗೆರೆ, ಅದೂ ಫ್ರೇಮಿನ ಮೇಲೆ ಮಾತ್ರ. ಇಪ್ಪತ್ತೈದು ಎಂದರೆ ಮೂರು ಸಿಲಿಂಡರಿನ ಎಂಜಿನ್ ತಿರುಗುವಾಗ ಹಿಂದಕ್ಕೂ ಮುಂದಕ್ಕೂ ತೂಗುವ ತೂಗಾಟ. ಹೊಟ್ಟೆಗೆ ಏನು ಹಾಕಿದರೂ ಅದು ಇರುತ್ತದೆ.

ಬಾಯಿ ಮೆತ್ತಗಾಗೈತೆ, ಕಾಲು ಮಾತ್ರ ಒದೀತೈತೆ. ಸೆನ್ಸರು, ಮೈಕು, ಮದುವೆ ಮನೆಯ ದೀಪ ಎಲ್ಲವನ್ನೂ ಸೇರಿಸಿ ನಾನು ಕಂಡುಹಿಡಿದದ್ದು ಇದನ್ನೇ.

ಇದರಿಂದ ಎಣ್ಣೆ ನಿರಪರಾಧಿ ಎಂದು ಸಾಬೀತಾಗುವುದಿಲ್ಲ. ನನ್ನ ಹೋಲಿಕೆ ತಪ್ಪು ಎಂದಷ್ಟೇ ಸಾಬೀತಾಗುತ್ತದೆ. ನಾಲ್ಕು ತಿಂಗಳ ಹಿಂದಿನ ಡೀಸೆಲ್ಲಿಗೂ ಇವತ್ತಿನ ಮಿಶ್ರಣಕ್ಕೂ ನಡುವೆ ಬದಲಾಗಿದ್ದು ಇಂಧನ ಒಂದೇ ಎಂದು ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಇದೇ ತಪ್ಪು ಮಾಡಿದ ವಿದ್ಯಾರ್ಥಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಸಹಿ ಹಾಕದೆ ಪೆನ್ನಿನ ಮುಚ್ಚಳ ಮುಚ್ಚಿ, ಮಾಲೀಕರಿಗೂ ಅಧ್ಯಕ್ಷೆಗೂ ಫೋನ್ ಮಾಡಿದೆ. ಅದೇ ಎಂಜಿನ್ನನ್ನು ನಾಳೆಯೇ ಬರಿಯ ಡೀಸೆಲ್‌ನಲ್ಲಿ ಓಡಿಸಿ ನೋಡಬೇಕು.

"ಯಾಕ್ ಸಾರ್? ಕೆಟ್ಟದ್ದು ಅಂದ್ರಲ್ಲ," ಎಂದರು ಅಧ್ಯಕ್ಷೆ.

"ಈಗ ಗೊತ್ತಿಲ್ಲ."

"ನೆನ್ನೆ ಗೊತ್ತು ಅಂದ್ರಿ?"

"ನೆನ್ನೆ ಗೊತ್ತಿತ್ತು."

"ನಾನೂ ಬರ್ತೀನಿ ಬುಡಿ," ಎಂದರು. ನನ್ನ ಮೇಲಿನ ನಂಬಿಕೆಯಿಂದ ಹಾಗೆಂದರು ಅನ್ನಿಸಲಿಲ್ಲ.

ಸೋಮವಾರ ಮೊದಲ ಬಸ್ಸಿಗೇ ಹೋದೆ. ಮಿಲ್ಲು ಇನ್ನೂ ಶುರುವಾಗಿರಲಿಲ್ಲ. ಎಂಜಿನ್ ಮನೆಯಲ್ಲಿ ಆಪರೇಟರ್ ಸ್ನಾನ ಮುಗಿಸಿ, ಬರಿಮೈಯಲ್ಲಿ ಟವೆಲ್ಲು ಹೊದ್ದು ನಿಂತಿದ್ದರು. ಕೈಯಲ್ಲಿ ಹಿತ್ತಾಳೆ ಚೊಂಬು. ಅದರಲ್ಲಿದ್ದ ಹೊಂಬಣ್ಣದ ಎಣ್ಣೆಯನ್ನು ಎಂಜಿನ್ನಿನ ತಲೆಯ ಮೇಲಿನಿಂದ ಧಾರೆಯಾಗಿ ಬಿಡುತ್ತಿದ್ದರು. ಎಣ್ಣೆ ಪಂಪಿನ ಮೇಲೆ, ಮೈಮೇಲೆ ಇಳಿದು ಬುಡಕ್ಕೆ ಹೋಗಿ ನಿಲ್ಲುತ್ತಿತ್ತು. ಆಮೇಲೆ ಹಳೇ ಪಂಚೆಯ ಬಟ್ಟೆಯಿಂದ ನಯವಾಗಿ ಒರೆಸಿದರು. ಎಂಜಿನ್ ಹೊಸ ಮದುಮಗನಂತೆ ಮಿರಮಿರ ಮಿಂಚಿತು.

"ಚೊಂಬು ಹಿಡ್ಕೊಳಿ ಸಾರ್, ವಿಭೂತಿ ತತ್ತೀನಿ."

ಹಿಡಿದುಕೊಂಡೆ. ಭಕ್ತಿಯಿಂದಲೇ ಹಿಡಿದುಕೊಂಡೆ ಎನ್ನಬೇಕು. ವಿಭೂತಿ ಹಚ್ಚಿ, ಎರಡು ಕಣಗಿಲೆ ಹೂವಿಟ್ಟು, ಊದುಬತ್ತಿ ಬೆಳಗಿದ ಮೇಲೆ ಅಧ್ಯಕ್ಷೆಯೂ ಮಾಲೀಕರೂ ಬಂದರು. ಹಿಂದೆಯೇ ಶಾಮಿಯಾನದವರ ಟೆಂಪೊ.

"ಮೊನ್ನೆ ಮದ್ವೆ ಆಯ್ತು. ಇವತ್ತೇನ್ ಸಾರ್?" ಎಂದರು ಶಾಮಿಯಾನದವರು.

"ಬೀಗರೂಟ," ಎಂದೆ.

ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಪೈಪುಗಳಲ್ಲಿ ಉಳಿದ ಮಿಶ್ರಣ ಪೂರ್ತಿ ಸುಟ್ಟುಹೋಗಲೆಂದು ಅರ್ಧ ಗಂಟೆಗಿಂತ ಹೆಚ್ಚು ಓಡಿಸಿದೆವು. ದೀಪ ಅಷ್ಟೇ, ಸೆನ್ಸರ್ ಇಟ್ಟ ಜಾಗ ಅದೇ. ಸೀಮೆಸುಣ್ಣದ ಗುರುತು ಹಾಕಿದ್ದೆ. ರೀಡಿಂಗು ಬಂತು. ಬರಿಯ ಡೀಸೆಲ್‌ನಲ್ಲೂ ಫ್ರೇಮು ಅಷ್ಟೇ ನಡುಗುತ್ತಿತ್ತು. ಎಂಜಿನ್ನಿನ ಕಟಕಟ ಮಾತ್ರ ಗುರುವಾರದ ಮಿಶ್ರಣಕ್ಕಿಂತ ಜಾಸ್ತಿ.

"ಹಂಗಾದ್ರೆ ಎಣ್ಣೆದು ಏನೂ ಇಲ್ಲ?" ಎಂದರು ಮಾಲೀಕರು. ಅನುಮಾನ ಈಗ ನನ್ನ ಕಡೆ ತಿರುಗಿತ್ತು. "ನಾಕು ತಿಂಗಳಲ್ಲಿ ಎಂಜಿನ್ ತಾನಾಗೇ ಕುಣಿಯೋಕೆ ಕಲೀತಾ ಸಾರ್?"

ಎಂಜಿನ್ ನಿಲ್ಲಿಸಿ, ಟಾರ್ಚು ಹಿಡಿದು ನೆಲದ ಮೇಲೆ ಅಂಗಾತ ಮಲಗಿದೆ. ಮೊದಲ ದಿನವೇ ಮಲಗಬೇಕಿತ್ತು. ಆವತ್ತು ಹಾಕಿದ್ದು ಇಸ್ತ್ರಿ ಮಾಡಿದ ಷರಟು.

ಎಂಜಿನ್ನಿನ ಕಾಲಿಗೂ ಕಬ್ಬಿಣದ ಫ್ರೇಮಿಗೂ ನಡುವೆ ನಾಲ್ಕು ಮೂಲೆಗೆ ನಾಲ್ಕು ರಬ್ಬರ್ ಪ್ಯಾಡ್ ಇರುತ್ತವೆ. ಎಂಜಿನ್ ಎಷ್ಟು ತೂಗಿದರೂ ಅದನ್ನು ಅಲ್ಲೇ ನುಂಗಿಕೊಂಡು ಫ್ರೇಮಿಗೆ ದಾಟದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಕ್ಕೆ ಹೋಯಿತು. ಹಿಂತೆಗೆದರೆ ಕರಿಯ ಅಂಟು, ಕಾಯಿಸಿದ ಬೆಲ್ಲದ ಪಾಕದಂತೆ ನೂಲಾಗಿ ಬಂತು. ಎರಡು ಮೂಲೆಗಳಲ್ಲಿ ರಬ್ಬರು ಊದಿ, ಮೆತ್ತಗಾಗಿ, ಭಾರಕ್ಕೆ ಪಕ್ಕಕ್ಕೆ ಹಿಸುಕಿಹೋಗಿ ಕಬ್ಬಿಣದ ಮೇಲೆ ಕಬ್ಬಿಣ ಕೂತಿತ್ತು. ಬೆರಳು ಮೂಸಿ ನೋಡಿದೆ. ಹೊಂಗೆ.

ಮಲಗಿದಲ್ಲೇ ಕೇಳಿದೆ. "ಅಣ್ಣಯ್ಯಾ, ಬೆಳಗ್ಗೆ ಚೊಂಬಲ್ಲಿ ಇದ್ದಿದ್ದು ಮಿಶ್ರಣಾನೋ, ಬರೀ ಹೊಂಗೆ ಎಣ್ಣೆನೋ?"

"ಬರೀ ಹೊಂಗೆದೇ ಸಾರ್. ಬೆರೆಸೋಕೆ ಬ್ಯಾರೆಲ್ಲಲ್ಲಿ ಬತ್ತದಲ್ಲ, ಅದ್ರಲ್ಲಿ ಒಂದ್ ಚೊಂಬು ಮೊದ್ಲೇ ಎತ್ತಿಡ್ತೀನಿ. ಸಾವ್ಕಾರ್ರಿಗೂ ಗೊತ್ತು."

"ಎಷ್ಟು ದಿನದಿಂದ?"

"ಇದು ಬಂದಾಗ್ನಿಂದ. ಮೊದ್ಲು ಡೀಸಲ್‌ಗೆ ಬಟ್ಟೆ ಅದ್ದಿ ಒರೆಸ್ತಿದ್ದೆ ಅಷ್ಟೇಯ. ಅದು ವಾಸ್ನೆ, ಕೈ ಉರಿ, ದೇವ್ರಿಗಾಗಲ್ಲ. ಇದು ದೀಪದೆಣ್ಣೆ ಅಲ್ವಾ ಸಾರ್? ನಮ್ಮಜ್ಜಿ ದೀಪಕ್ಕೆ ಇದನ್ನೇ ಹಾಕ್ತಿದ್ರು. ಅದ್ಕೆ ಸೋಮವಾರ ಸೋಮವಾರ ಅಭಿಷೇಕ ಮಾಡ್ತಿದೀನಿ."

ನಾನು ಎದ್ದು ಕೂತೆ. ಸುಮಾರು ನಾಲ್ಕು ತಿಂಗಳ ಸೋಮವಾರಗಳು. ಒರೆಸಿದ ಡೀಸೆಲ್ ತೆಳ್ಳಗೆ ಹರಡಿ ಬಹುಮಟ್ಟಿಗೆ ಒಣಗಿ ಹೋಗುತ್ತದೆ. ಹೊಂಗೆಯ ಇಂಧನ ಒಣಗುವುದಿಲ್ಲ. ಬುಡದಲ್ಲಿ ನಿಂತು ಮಾಮೂಲಿ ರಬ್ಬರಿನೊಳಕ್ಕೆ ಇಳಿದು ಅದನ್ನು ಕರಗಿಸುತ್ತದೆ. ಎಂಜಿನ್ ಕುಡಿದದ್ದು ಐದರಲ್ಲಿ ಒಂದು ಪಾಲು. ಸ್ನಾನ ಮಾಡಿದ್ದು ಅಪ್ಪಟದಲ್ಲಿ. ಇಷ್ಟನ್ನು ಆದಷ್ಟು ಮೆಲ್ಲಗೆ ಹೇಳಿದೆ. ಇವತ್ತಿನ ಚೊಂಬು ಹಿಡಿದವನು ನಾನೇ ಎಂಬುದನ್ನೂ ಸೇರಿಸಿದೆ.

ಆಪರೇಟರ್ ಪ್ಯಾಡನ್ನು ತಾವೂ ಬೆರಳಿನಿಂದ ಒತ್ತಿ ನೋಡಿದರು. ಟವೆಲ್ಲಿನಿಂದ ಬೆರಳು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ಅದ್ರ ಕಾಲು ನಾನೇ ಮುರ್ದೆ ಅನ್ನಿ."

ಅಧ್ಯಕ್ಷೆ ಅಷ್ಟು ಹೊತ್ತು ಬಾಗಿಲಲ್ಲೇ ನಿಂತಿದ್ದವರು ಒಳಗೆ ಬಂದರು. "ಅಲ್ಲಣ್ಣೋ, ಬೀಜ ಆರ್ಸಿ ಆರ್ಸಿ ನಮ್ ಬೆನ್ನು ಬಿದ್ದೋಗೈತೆ. ಸುಡೋಕೆ ಅಂತ ಕಳಿಸಿದ್ರೆ ನೀನು ಎಣ್ಣೆಸ್ನಾನ ಮಾಡ್ಸಿದ್ಯಲ್ಲ! ನಮ್ಮನೇಲಿ ಮಕ್ಳಿಗೂ ವಾರವಾರ ಇಲ್ಲ." ಆಪರೇಟರ್ ಮುಖದಲ್ಲಿ ನಗುವಿನಂಥದ್ದು ಏನೋ ಬಂತು.

ಮಾಲೀಕರು ನಗಲಿಲ್ಲ. "ಏನೇ ಅನ್ನಿ, ಎಣ್ಣೆ ಬಂದ್ಮೇಲೆ ತಾನೆ ಇಷ್ಟೆಲ್ಲ ಆಗಿದ್ದು? ಒಳಗಿಂದ ಆದ್ರೇನು, ಹೊರಗಿಂದ ಆದ್ರೇನು?"

ಮಾತಿನಲ್ಲಿ ನ್ಯಾಯವಿತ್ತು. ಎಣ್ಣೆ ತಪ್ಪು ಮಾಡಿದ್ದು ನಿಜ. ಆದರೆ ಆರೋಪಪಟ್ಟಿಯಲ್ಲಿದ್ದ ತಪ್ಪನ್ನಲ್ಲ. ಎರಡನ್ನೂ ಬರೆಯುತ್ತೇನೆ ಎಂದೆ. ಮಿಶ್ರಣ ಸುಡುವುದರಿಂದ ನಡುಕ ಬಂದಿಲ್ಲ ಎಂದೂ, ಈ ಇಂಧನ ರಬ್ಬರಿಗೆ ಶತ್ರು ಎಂದೂ. ಎರಡನೆಯದನ್ನು ಕೇಳಿ ಅಧ್ಯಕ್ಷೆಯ ಮುಖ ಗಂಭೀರವಾಯಿತು. ಕಾಯುತ್ತಿದ್ದ ಮೂರು ಮಿಲ್ಲಿನವರೂ ಅದನ್ನು ಓದುತ್ತಾರೆ.

"ಅದನ್ನ ಬರೀಲೇಬೇಕಾ ಸಾರ್?"

"ಬರೀಲೇಬೇಕು. ನೋಡಿ ಬರೀರಿ ಅಂದ್ರಲ್ಲ, ನೋಡಿದೆ."

ಅಧ್ಯಕ್ಷೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಬರೀರಿ. ಬ್ಯಾರೆಲ್ ಮೇಲೂ ಬರೆಸ್ತೀವಿ."

"ನಡುಕ ನಿಂತಿದ್ದು ಕಣ್ಣಲ್ಲಿ ನೋಡೋ ತನಕ ನಾನು ಏನೂ ಹೇಳಲ್ಲ," ಎಂದರು ಮಾಲೀಕರು.

ಎಣ್ಣೆ ತಡೆಯುವ ರಬ್ಬರಿನ ಪ್ಯಾಡುಗಳು ತುಮಕೂರಿನಲ್ಲಿ ಮೂರನೆಯ ಅಂಗಡಿಯಲ್ಲಿ ಸಿಕ್ಕವು. ಹಾಕುವುದು ಸುಲಭವಾಗಲಿಲ್ಲ. ಹಳೆಯ ಅಂಟು ಬೋಲ್ಟುಗಳನ್ನು ಹಿಡಿದುಕೊಂಡಿತ್ತು. ಒಂದು ತುಂಡಾಗಿ ಒಳಗೇ ಉಳಿಯಿತು. ಅದನ್ನು ಕೊರೆದು ತೆಗೆಯುವುದರಲ್ಲಿ ಬುಧವಾರವೂ ಹೋಯಿತು. ಅಷ್ಟು ಹೊತ್ತೂ ಜ್ಯಾಕಿನ ಹಿಡಿಯನ್ನು ಆಪರೇಟರ್ ಬೇರೆ ಯಾರಿಗೂ ಕೊಡಲಿಲ್ಲ. ಗುರುವಾರ ಮೂರನೆಯ ಸಲ ದೀಪ ಕಟ್ಟಿದೆವು. ಈ ಸಲ ಒಂದೇ ದಿನ, ಒಂದೇ ಲೋಡಿನಲ್ಲಿ, ಮೊದಲು ಡೀಸೆಲ್, ಆಮೇಲೆ ಮಿಶ್ರಣ.

ಎರಡರಲ್ಲೂ ಫ್ರೇಮಿನ ನಡುಕ ನಾಲ್ಕು ತಿಂಗಳ ಹಿಂದಿನ ಮಟ್ಟಕ್ಕೆ ಇಳಿದಿತ್ತು. ಮಿಶ್ರಣದಲ್ಲಿ ಕಟಕಟ ತುಸು ಕಡಿಮೆ; ಹೊಂಗೆಯ ಇಂಧನಕ್ಕೆ ಬೆಂಕಿ ತಡಮಾಡದೆ ಹತ್ತುವುದರಿಂದ ಒತ್ತಡ ಮೆಲ್ಲಗೆ ಏರುತ್ತದೆ. ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದುದೂ ತಪ್ಪಲ್ಲ, ಈ ಎಂಜಿನ್ನಿನಲ್ಲಿ ಅದರ ಕೈ ಮೇಲಾಗಲಿಲ್ಲ ಅಷ್ಟೆ. ಮಾಲೀಕರು ಗ್ರಾಫು ನೋಡಲಿಲ್ಲ. ಫ್ರೇಮಿನ ಮೇಲೆ ಅಂಗೈ ಊರಿ ಒಂದು ನಿಮಿಷ ನಿಂತರು. ಆಮೇಲೆ ಆಪರೇಟರ್ ಕಡೆ ತಿರುಗಿ, "ಏನಂತೈತೆ ಅಣ್ಣಯ್ಯ?" ಎಂದರು.

ಆಪರೇಟರ್ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದರು. "ಸುಮ್ನೈತೆ."

ವರದಿ ಮೂರು ಪುಟವಾಯಿತು. ಮೊದಲ ಪುಟದಲ್ಲಿ, ಮೊದಲ ಹೋಲಿಕೆಯನ್ನು ಹಳೆಯ ರೀಡಿಂಗಿನ ಜೊತೆ ಮಾಡಿದ್ದು ಮತ್ತು ಪ್ಯಾಡುಗಳನ್ನು ಆರಂಭದಲ್ಲೇ ಪರೀಕ್ಷಿಸದಿದ್ದುದು ಪರೀಕ್ಷಕರ ಲೋಪವೆಂದು ಬರೆದೆ. ಪರೀಕ್ಷಕರು ಎಂದು ಬಹುವಚನದಲ್ಲಿ ಬರೆದದ್ದು ಗೌರವಕ್ಕೆ, ಇದ್ದವನು ನಾನೊಬ್ಬನೇ. ಅಭಿಷೇಕದ ವಿಷಯವನ್ನು 'ಹೊರಮೈ ಶುಚಿಗೊಳಿಸುವ ವಿಧಾನ' ಎಂದು ಕರೆದೆ. ಸೋಮವಾರದ ಪೂಜೆಯನ್ನು ಯಾರೂ ನಿಲ್ಲಿಸಲಿಲ್ಲ. ಎಂಜಿನ್ನಿಗೆ ಈಗ ಒದ್ದೆ ಬಟ್ಟೆ, ವಿಭೂತಿ, ಹೂವು.

ಹದಿನೈದನೆಯ ದಿನ ವರದಿ ಗುಬ್ಬಿಗೆ ತಲುಪಿತು. ಮಿಲ್ಲಿನವರು ಮರುವಾರ ಬ್ಯಾರೆಲ್ ಇಳಿಸಿಕೊಂಡರು. ಕಾಯುತ್ತಿದ್ದ ಮೂರು ಮಿಲ್ಲುಗಳಲ್ಲಿ ಎರಡು ತರಿಸಿಕೊಂಡವು. ಒಂದು ರಬ್ಬರಿನ ವಿಷಯ ಓದಿ ಬೇಡವೆಂದಿತು. ಕುಣಿಗಲ್ಲಿನ ಹಂಡೆ ಈಗ ವಾರಕ್ಕೆ ನಾಲ್ಕು ದಿನ ಕಾಯುತ್ತಿದೆ.